ಗಡಿ ಗೀಚಿದ ಕಾದಂಬರಿಕಾರ

ವಿಟ್ಲದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಅಡ್ಯನಡ್ಕ ಕಳೆದ ಮೇಲೆ ಸಾರಡ್ಕ. ಅಲ್ಲಿಗೆ ಬಂಟ್ವಾಳ ತಾಲೂಕು ಮುಗಿಯಿತು, ಕರ್ನಾಟಕವೂ ಮುಗಿಯಿತು. ಅಂಗಡಿಯ ಬೋರ್ಡಿಗೆ ಮಲಯಾಳ ಬರುತ್ತದೆ, ಸರ್ಕಾರಿ ಬಸ್ಸಿನ ಬಣ್ಣ ಬದಲಾಗುತ್ತದೆ, ರೇಶನ್ ಕಾರ್ಡು ಬೇರೆ, ಶಾಲೆಯ ರಜೆಯ ಪಟ್ಟಿ ಬೇರೆ. ಅಡಿಕೆ ಮಾತ್ರ ಅದೇ, ಅದಕ್ಕೆ ಬೀಳುವ ಕೊಳೆರೋಗವೂ ಅದೇ. ಕನ್ಯಾನ, ಕರೋಪಾಡಿ, ಸಾಲೆತ್ತೂರು ಕಡೆ ಹೋದರೆ ಗಡಿ ಎಲ್ಲಿ ಹಾದುಹೋಗಿದೆ ಎಂದು ಹೊಸಬರಿಗೆ ಗೊತ್ತಾಗುವುದೂ ಕಷ್ಟ. ಈಚೆಯ ಮನೆಯ ಹೆಣ್ಣು ಆಚೆಗೆ ಸೊಸೆ, ಆಚೆಯ ಊರಿನ ಮೇಳದ ಆಟಕ್ಕೆ ಈಚೆಯವರು ಪ್ರೇಕ್ಷಕರು. ನಮ್ಮ ತೆಂಕುತಿಟ್ಟಿಗೆ ಪ್ರಸಂಗಗಳನ್ನು ಕೊಟ್ಟ ಪಾರ್ತಿಸುಬ್ಬನೇ ಕುಂಬಳೆಯವನು.

ಈ ಗೆರೆ ಎಳೆದವರು ಯಾರು ಎಂದು ಗಡಿಯ ಹಳಬರನ್ನು ಕೇಳಿದರೆ ಮೂವರ ಹೆಸರು ಬರಬೇಕು. ಬರುವುದು ಒಂದೇ. ಪಣಿಕ್ಕರ್. ಅದೂ ಹಲ್ಲು ಕಚ್ಚಿಕೊಂಡು.

1953ರ ಡಿಸೆಂಬರಿನಲ್ಲಿ ಭಾರತ ಸರ್ಕಾರ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಅಧ್ಯಕ್ಷರು ನ್ಯಾಯಮೂರ್ತಿ ಫಜಲ್ ಅಲಿ, ಸದಸ್ಯರು ಹೃದಯನಾಥ ಕುಂಜ್ರು ಮತ್ತು ಸರ್ದಾರ್ ಕೆ.ಎಂ. ಪಣಿಕ್ಕರ್. ಅವರು 38,000 ಮೈಲಿ ತಿರುಗಿದರು, 104 ಊರುಗಳಿಗೆ ಹೋದರು, 9,000ಕ್ಕೂ ಮಿಕ್ಕಿ ಜನರ ಮಾತು ಕೇಳಿದರು, 1,52,250 ಮನವಿ ಪತ್ರಗಳನ್ನು ಸ್ವೀಕರಿಸಿದರು. 1955ರ ಸೆಪ್ಟೆಂಬರ್ 30ರಂದು ಒಪ್ಪಿಸಿದ ವರದಿಯಲ್ಲಿ, ಅಲ್ಲಿಯವರೆಗೆ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಬೇಕು ಎಂದಿತ್ತು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಆ ದಿನ ಬಂಟ್ವಾಳದವರು ಮದರಾಸಿನವರಾಗಿದ್ದದ್ದು ಬಿಟ್ಟು ಮೈಸೂರಿನವರಾದರು. ಪೆರ್ಲದವರು ಕೇರಳದವರಾದರು.

ಇಷ್ಟು ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಬಹಳ ಜನಕ್ಕೆ ಗೊತ್ತಿಲ್ಲದ್ದು ಎರಡಿವೆ. ಈ ಪಣಿಕ್ಕರ್ ಮಲಯಾಳದ ಹೆಸರಾಂತ ಕಾದಂಬರಿಕಾರ. ಮತ್ತು, ಕಾಸರಗೋಡನ್ನು ಕನ್ನಡಿಗರ ಕೈಯಿಂದ ತಪ್ಪಿಸಿದವರು ಎಂದು ನಾವು ಬೈಯುವ ಇದೇ ಮನುಷ್ಯ ತೀರಿಕೊಂಡದ್ದು ಮೈಸೂರಿನಲ್ಲಿ, ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ.

ಕಾದಂಬರಿಕಾರರು ರಾಯಭಾರಿಗಳಾಗುವುದು ಪ್ರಪಂಚದಲ್ಲಿ ಹೊಸದಲ್ಲ. ಇವೊ ಆಂಡ್ರಿಚ್ ಎರಡನೆಯ ಮಹಾಯುದ್ಧ ಶುರುವಾದಾಗ ಬರ್ಲಿನ್‌ನಲ್ಲಿ ಯುಗೊಸ್ಲಾವಿಯದ ರಾಯಭಾರಿ. ಬೊಸ್ನಿಯದ ಒಂದು ಸೇತುವೆಯ ಮೇಲೆ ಕಾದಂಬರಿ ಬರೆದು 1961ರಲ್ಲಿ ನೊಬೆಲ್ ಪಡೆದರು. ಕ್ಯೂಬಾದ ಅಲೆಹೊ ಕಾರ್ಪೆಂತಿಯೆರ್ ಪ್ಯಾರಿಸ್ಸಿನ ರಾಯಭಾರ ಕಚೇರಿಯಲ್ಲಿದ್ದರು. ಪಣಿಕ್ಕರ್ ಜೊತೆ ಇಟ್ಟು ನೋಡಲು ನನಗೆ ಹೆಚ್ಚು ಇಷ್ಟವಾಗುವವರು ಗಯಾನಾದ ಇ.ಆರ್. ಬ್ರೇತ್‌ವೇಟ್. ಜಾರ್ಜ್‌ಟೌನ್‌ನಲ್ಲಿ 1912ರಲ್ಲಿ ಹುಟ್ಟಿ, ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಗೆ ದುಡಿದು, ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರ ಓದಿದ ಮೇಲೂ ಕಪ್ಪು ಬಣ್ಣಕ್ಕಾಗಿ ಕೆಲಸ ಸಿಗದೆ ಲಂಡನ್ನಿನ ಪೂರ್ವಭಾಗದ ಬಡಶಾಲೆಯಲ್ಲಿ ಮೇಷ್ಟ್ರಾದವರು. ಆ ಅನುಭವವೇ 'ಟು ಸರ್, ವಿತ್ ಲವ್' ಎಂಬ ಪುಸ್ತಕವಾಯಿತು, 1967ರಲ್ಲಿ ಸಿಡ್ನಿ ಪಾಯ್ಟಿಯರ್ ಅಭಿನಯದ ಸಿನಿಮಾ ಆಯಿತು. ಗಯಾನಾ ಸ್ವತಂತ್ರವಾದ ಮೇಲೆ ಅವರು ವಿಶ್ವಸಂಸ್ಥೆಯಲ್ಲಿ ದೇಶದ ಪ್ರತಿನಿಧಿ, ಆಮೇಲೆ ವೆನೆಜುವೆಲಾದಲ್ಲಿ ರಾಯಭಾರಿ. ಎಂಥ ಹುದ್ದೆ ನೋಡಿ! ಎಸ್ಸೆಕಿಬೊ ನದಿಯ ಪಡುವಣ ದಂಡೆಯ ನೆಲವೆಲ್ಲ, ಅಂದರೆ ಗಯಾನಾದ ಸುಮಾರು ಮೂರರಲ್ಲಿ ಎರಡು ಪಾಲು, ತನ್ನದೇ ಎನ್ನುವ ದೇಶಕ್ಕೆ ಹೋಗಿ ನಗುನಗುತ್ತಾ ಕೈಕುಲುಕಬೇಕು. ಬ್ರೇತ್‌ವೇಟ್ ಇನ್ನೊಬ್ಬರ ಗೆರೆಯ ಎದುರು ನಿಂತ ಕಾದಂಬರಿಕಾರ. ಪಣಿಕ್ಕರ್ ತಾವೇ ಪೆನ್ಸಿಲ್ ಹಿಡಿದ ಕಾದಂಬರಿಕಾರ.

ಕಾವಾಲಂ ಮಾಧವ ಪಣಿಕ್ಕರ್ ಹುಟ್ಟಿದ್ದು 1895ರ ಜೂನ್ 3ರಂದು, ಆಗಿನ ತಿರುವಾಂಕೂರು ಸಂಸ್ಥಾನದ ಕುಟ್ಟನಾಡಿನಲ್ಲಿ. ಸಮುದ್ರಮಟ್ಟಕ್ಕಿಂತ ಕೆಳಗೆ ಗದ್ದೆ ಮಾಡುವ, ದೋಣಿಯಿಲ್ಲದೆ ಪಕ್ಕದ ಮನೆಗೂ ಹೋಗಲಾಗದ ನೀರಿನ ನಾಡು ಅದು. ಮದರಾಸಿನಲ್ಲಿ ಓದಿ, ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಇತಿಹಾಸಕ್ಕೆ ಮೊದಲ ದರ್ಜೆ ಪಡೆದು, ಅಲೀಗಢದಲ್ಲಿ ಪಾಠ ಹೇಳಿ, ಅಕಾಲಿ ಚಳವಳಿಯ ಕಾಲದಲ್ಲಿ ಅಮೃತಸರದಲ್ಲಿದ್ದು, 1924ರಲ್ಲಿ 'ಹಿಂದೂಸ್ತಾನ್ ಟೈಮ್ಸ್' ಶುರುವಾದಾಗ ಅದರ ಮೊದಲ ಸಂಪಾದಕರಾದರು. ಮೂವತ್ತು ತುಂಬುವುದರೊಳಗೆ ಇಷ್ಟು. ಆಮೇಲೆ ಅವರು ಹಿಡಿದ ದಾರಿ ಗಾಂಧಿಯವರ ಬಳಗದವರಿಗೆ ಸೇರದ ದಾರಿ. ಕಾಶ್ಮೀರ, ಪಟಿಯಾಲ, ಬಿಕಾನೇರ್ ಹೀಗೆ ರಾಜರ ಆಸ್ಥಾನದಿಂದ ಆಸ್ಥಾನಕ್ಕೆ ಹೋದರು. ನರೇಂದ್ರ ಮಂಡಲದ ಕಾರ್ಯದರ್ಶಿಯಾದರು, ದುಂಡುಮೇಜಿನ ಪರಿಷತ್ತಿಗೆ ಹೋದರು, 1944ರಲ್ಲಿ ಬಿಕಾನೇರಿನ ಪ್ರಧಾನಮಂತ್ರಿಯಾದರು. ರಾಜರ ಕಾಲ ಮುಗಿಯುತ್ತದೆ ಎಂದು ಎಲ್ಲ ದಿವಾನರಿಗಿಂತ ಮೊದಲು ವಾಸನೆ ಹಿಡಿದು, ಬಿಕಾನೇರ್ ಸಂವಿಧಾನ ಸಭೆಗೆ ಮುಂದಾಗಿ ಸೇರುವಂತೆ ಮಾಡಿದರು. ಗಾಳಿ ಬಂದಾಗ ತೂರಿಕೊಂಡವರು ಎಂದು ಆಗಲೂ ಅಂದರು, ಈಗಲೂ ಅನ್ನುತ್ತಾರೆ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಯಾರ ಉಪ್ಪು ತಿಂದರೂ ಅವರ ಪರವಾಗಿ ಇತಿಹಾಸದಿಂದ ಪುರಾವೆ ತೆಗೆದು ವಾದ ಕಟ್ಟುವುದು ಅವರ ಸ್ವಭಾವ. ವಕೀಲಿ ಓದಿದ ಇತಿಹಾಸಕಾರನಿಗೆ ಅದು ಸಹಜವೇ. ಅವರ ಬೇರೊಂದು ನಿಷ್ಠೆ ಮಾತ್ರ ಯಾವ ಧಣಿ ಬದಲಾದರೂ ಬದಲಾಗಲಿಲ್ಲ. ಅದು ಮಲಯಾಳದ ಮೇಲಿನದು.

ಹಗಲು ರಾಜರ ಕಾಗದಪತ್ರ, ರಾತ್ರಿ ಕಾದಂಬರಿ. ಮರುಭೂಮಿಯ ಬಿಕಾನೇರಿನಲ್ಲಿದ್ದ ವರ್ಷಗಳಲ್ಲಿ ಅವರ ಬರವಣಿಗೆ ಕೇರಳದ ಕಾಡು, ಕಡಲನ್ನು ಬಿಡಲಿಲ್ಲ. ಪೋರ್ಚುಗೀಸರ ಕಾಲದ ಮೇಲೆ 'ಪರಂಗಿಪ್ಪಡಯಾಳಿ', ಅಕ್ಬರನ ಕಾಲದ ಮೇಲೆ 'ಕಲ್ಯಾಣಮಲ್', ಮತ್ತು 1941ರಲ್ಲಿ 'ಕೇರಳ ಸಿಂಹಂ'. ಈ ಕೊನೆಯದು ವಯನಾಡಿನ ಕಾಡಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಕಾದಾಡಿ 1805ರ ನವೆಂಬರಿನಲ್ಲಿ ಮಡಿದ ಪಳಶ್ಶಿರಾಜನ ಕತೆ. ಶ್ರೀರಂಗಪಟ್ಟಣವನ್ನು ಗೆದ್ದ ಪಡೆಯಲ್ಲಿದ್ದ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿಯನ್ನೇ ದಣಿಸಿದ ಗೆರಿಲ್ಲಾ ಯುದ್ಧ ಅದು. ಇವತ್ತು ಕೇರಳದ ಶಾಲೆಯ ಮಕ್ಕಳು ಪಳಶ್ಶಿಯನ್ನು ಕೇರಳದ ಸಿಂಹ ಎಂದು ಕರೆಯುವುದಕ್ಕೆ ಈ ಪುಸ್ತಕ ದೊಡ್ಡ ಕಾರಣ.

1941ರಲ್ಲಿ ಕೇರಳ ಎಂಬ ರಾಜ್ಯ ಇರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಇದನ್ನು ನೋಡಬೇಕು. ತಿರುವಾಂಕೂರು ಒಬ್ಬ ರಾಜನದು, ಕೊಚ್ಚಿ ಇನ್ನೊಬ್ಬನದು, ಮಲಬಾರು ಮದರಾಸಿನ ಒಂದು ಜಿಲ್ಲೆ. ಪಳಶ್ಶಿರಾಜ ಮಲಬಾರಿನ ಕೋಟ್ಟಯಂ ಮನೆತನದ ಪಾಳೆಯಗಾರ. ಪಣಿಕ್ಕರ್ ಹುಟ್ಟಿದ ತಿರುವಾಂಕೂರಿಗೂ ಅವನಿಗೂ ಸಂಬಂಧವಿಲ್ಲ. ತೆಂಕಣ ತುದಿಯ ಲೇಖಕನೊಬ್ಬ ಬಡಗಣ ತುದಿಯ ಪಾಳೆಯಗಾರನನ್ನು ಎತ್ತಿಕೊಂಡು, ಇಲ್ಲದ ಒಂದು ನಾಡಿನ ವೀರನನ್ನಾಗಿ ನಿಲ್ಲಿಸಿದ. ನಕ್ಷೆಗೆ ಹದಿನೈದು ವರ್ಷ ಮೊದಲೇ ಕೇರಳ ಕಾದಂಬರಿಯಲ್ಲಿ ಬಂದಿತ್ತು. 1955ರ ವರದಿಗೆ ಸಹಿ ಹಾಕಿದ ಕೈ ಇದೇ ಎಂಬುದನ್ನು ಬಿಟ್ಟು ಪಣಿಕ್ಕರ್ ಅವರನ್ನು ಬೈಯುವುದಾಗಲಿ ಹೊಗಳುವುದಾಗಲಿ ಅರ್ಧ ಕೆಲಸ.

ನಮ್ಮಲ್ಲೂ ಇದನ್ನು ಮಾಡಿದವರಿದ್ದರು. ಬಂಟ್ವಾಳದ ಪಂಜೆ ಮಂಗೇಶರಾಯರು ತುಳುವಿನ ಪಾಡ್ದನಗಳಲ್ಲಿದ್ದ ಕೋಟಿ ಚೆನ್ನಯರನ್ನು ಕನ್ನಡದ ಗದ್ಯಕ್ಕೆ ತಂದು, ಘಟ್ಟದ ಮೇಲಿನವರೂ ಓದುವಂತೆ ಮಾಡಿದರು. ಪಂಜೆಯವರೂ ಸರ್ಕಾರಿ ನೌಕರರೇ, ಶಾಲಾ ಇನ್‌ಸ್ಪೆಕ್ಟರು. ರಾಯಭಾರಿಗೆ ಸಿಗುವ ಮೋಟಾರಿನ ಬದಲು ಕಾಲ್ನಡಿಗೆ, ಎತ್ತಿನ ಗಾಡಿ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಬರೆಯುವುದು ಕನ್ನಡ. ಈ ಜಿಲ್ಲೆಯಲ್ಲಿ ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಂಡಿರಲಿಲ್ಲ. ಜನಗಣತಿಯವರ ಕಾಗದದಲ್ಲಿ ಮಾತ್ರ ಅಂಥವರಿಗೆ ಜಾಗ ಇರಲಿಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಪಣಿಕ್ಕರ್ ಅವರ ಇತಿಹಾಸದ ಪುಸ್ತಕಗಳಲ್ಲಿ ಕರಾವಳಿಯವರು ಓದಲೇಬೇಕಾದ್ದು ಎರಡು. 1945ರ 'ಇಂಡಿಯಾ ಅಂಡ್ ದಿ ಇಂಡಿಯನ್ ಓಷನ್', 1953ರ 'ಏಷ್ಯಾ ಅಂಡ್ ವೆಸ್ಟರ್ನ್ ಡಾಮಿನೆನ್ಸ್'. ದೆಹಲಿಯಲ್ಲಿ ಕೂತು ಇತಿಹಾಸ ಬರೆಯುವವರಿಗೆ ಶತ್ರು ಯಾವಾಗಲೂ ಖೈಬರ್ ಕಣಿವೆಯಿಂದ ಬರುತ್ತಾನೆ. ಭಾರತ ತನ್ನ ಸ್ವಾತಂತ್ರ್ಯವನ್ನು ಕಳೆದುಕೊಂಡದ್ದು ಕಡಲಿನಲ್ಲಿ ಎಂದು ಪಣಿಕ್ಕರ್ ವಾದಿಸಿದರು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಲ್ಲಿಂದ ಎರಡನೆಯ ಮಹಾಯುದ್ಧದ ಕೊನೆಯವರೆಗಿನ ಕಾಲವನ್ನು ಒಂದೇ ಯುಗವೆಂದು ಕಟ್ಟಿಕೊಟ್ಟರು. ಇದರಲ್ಲಿ ಉತ್ಪ್ರೇಕ್ಷೆ ಇದೆ ಎಂದು ಆಮೇಲಿನ ವಿದ್ವಾಂಸರು ಹೇಳಿದ್ದಾರೆ. ಮೂಡುಬಿದಿರೆಯಲ್ಲಿ ನಿಂತು ನೋಡಿದರೆ ಪಣಿಕ್ಕರ್ ಹೇಳಿದ್ದರಲ್ಲಿ ಬಹಳಷ್ಟು ಸರಿ ಅನ್ನಿಸುತ್ತದೆ. ಪೋರ್ಚುಗೀಸರನ್ನು ಉಳ್ಳಾಲದಲ್ಲಿ ಎದುರಿಸಿದ ಅಬ್ಬಕ್ಕ ಚೌಟರ ಮನೆತನದವಳು. ಆ ಮನೆತನದ ಅರಮನೆ ಮೂಡುಬಿದಿರೆಯಲ್ಲಿ ಇವತ್ತಿಗೂ ಇದೆ, ಒಂಬತ್ತು ಹೆಂಗಸರು ಸೇರಿ ಆನೆಯಾದ ಕೆತ್ತನೆಯ ಮರದ ಕಂಬದ ಸಮೇತ.

ಅಲ್ಲಿಂದ ಸಾವಿರ ಕಂಬದ ಬಸದಿ ದೂರವಿಲ್ಲ. 1430ರಲ್ಲಿ ಕಟ್ಟಿದ ಬಸದಿ. ಅದರ ಮುಂದಿನ ಭೈರಾದೇವಿ ಮಂಟಪದ ಬುಡದ ಕಲ್ಲಿನ ಪಟ್ಟಿಯನ್ನು ಬಗ್ಗಿ ನೋಡಬೇಕು. ನಿಂತು ನೋಡುವವರಿಗೆ ತಪ್ಪಿಹೋಗುತ್ತದೆ. ಆನೆ, ಕುದುರೆ, ಕುಣಿಯುವವರ ನಡುವೆ ಉದ್ದ ಕೊರಳಿನ ಒಂದು ಪ್ರಾಣಿ. ಜಿರಾಫೆ. ಹತ್ತಿರದಲ್ಲೇ ಮೈ ಸುರುಳಿ ಮಾಡಿಕೊಂಡ ಚೀನೀ ಡ್ರ್ಯಾಗನ್. ಘಟ್ಟದ ಬುಡದ ಈ ಜೈನ ಪೇಟೆಯ ಶಿಲ್ಪಿಗೆ ಆಫ್ರಿಕಾದ ಮೃಗವೂ ಚೀನಾದ ಮೃಗವೂ ಗೊತ್ತಿತ್ತು. ಚೀನಾದ ನೌಕಾಧಿಪತಿ ಝೆಂಗ್ ಹೆ 1405ರಿಂದ 1433ರವರೆಗೆ ಹಡಗುಗಳ ಹಿಂಡಿನೊಂದಿಗೆ ಇದೇ ಕಡಲಲ್ಲಿ ಓಡಾಡುತ್ತಿದ್ದ, ಕಲ್ಲಿಕೋಟೆಯಲ್ಲಿ ತಂಗುತ್ತಿದ್ದ. ಆ ಕಾಲದಲ್ಲೇ ಜಿರಾಫೆಗಳು ಚೀನಾದ ಅರಮನೆಗೆ ಕಾಣಿಕೆಯಾಗಿ ಹೋದವು. ಪಣಿಕ್ಕರ್ ನೂರಾರು ಪುಟದಲ್ಲಿ ಹೇಳಿದ ಹಿಂದೂ ಮಹಾಸಾಗರದ ಕತೆಯನ್ನು ಮೂಡುಬಿದಿರೆಯ ಕಲ್ಲುಕುಟಿಗ ಒಂದು ಗೇಣಿನಲ್ಲಿ ಹೇಳಿ ಮುಗಿಸಿದ್ದಾನೆ.

ಚೀನಾಕ್ಕೆ ಪಣಿಕ್ಕರ್ ರಾಯಭಾರಿಯಾಗಿ ಹೋದದ್ದು 1948ರಲ್ಲಿ, ಚಿಯಾಂಗ್ ಕೈ ಶೇಕ್ ಸರ್ಕಾರಕ್ಕೆ. ಕಣ್ಣೆದುರಿಗೇ ಆ ಸರ್ಕಾರ ಬಿತ್ತು, ಮಾವೋನ ಪಡೆ ನಾನ್‌ಕಿಂಗ್‌ಗೆ ನುಗ್ಗಿತು. 1950ರಲ್ಲಿ ಅದೇ ಪಣಿಕ್ಕರ್ ಪೀಕಿಂಗ್‌ನಲ್ಲಿ ಮಾವೋನ ಚೀನಾಕ್ಕೆ ಭಾರತದ ಮೊದಲ ರಾಯಭಾರಿ. ಆ ವರ್ಷ ಅಕ್ಟೋಬರ್ 2ರ ನಡುರಾತ್ರಿ ಅವರನ್ನು ಹಾಸಿಗೆಯಿಂದ ಎಬ್ಬಿಸಿ ಕರೆಸಿಕೊಂಡರು. ಪ್ರಧಾನಿ ಚೌ ಎನ್ ಲಾಯ್ ಚಹಾ ಕೊಟ್ಟು ಹೇಳಿದ ಮಾತು ಚಿಕ್ಕದು: ಕೊರಿಯಾದಲ್ಲಿ ಅಮೆರಿಕದ ಸೈನ್ಯ 38ನೆಯ ಅಕ್ಷಾಂಶವನ್ನು ದಾಟಿದರೆ ಚೀನಾ ಯುದ್ಧಕ್ಕೆ ಇಳಿಯುತ್ತದೆ. ಪಣಿಕ್ಕರ್ ಮನೆಗೆ ಬಂದು ದೆಹಲಿಗೆ ತಂತಿ ಕಳಿಸಿದರು. ಅಲ್ಲಿಂದ ಸುದ್ದಿ ಲಂಡನ್ನಿಗೆ, ವಾಷಿಂಗ್ಟನ್ನಿಗೆ ಹೋಯಿತು. ವಾಷಿಂಗ್ಟನ್ ನಂಬಲಿಲ್ಲ. ಈ ಮನುಷ್ಯ ಕಮ್ಯುನಿಸ್ಟರ ಕಡೆಯವನು, ಅವನ ಬಾಯಿಂದ ಬಂದ ಬೆದರಿಕೆಗೆ ಬೆಲೆ ಕೊಡಬೇಕಿಲ್ಲ ಎಂಬುದು ಟ್ರೂಮನ್ ಸರ್ಕಾರದ ಎಣಿಕೆ. ಅಕ್ಟೋಬರ್ 19ರಂದು ಚೀನೀ ಪಡೆ ಯಾಲು ನದಿ ದಾಟಲು ಶುರುಮಾಡಿತು. ಕೊರಿಯಾ ಯುದ್ಧ ಇನ್ನೂ ಸುಮಾರು ಮೂರು ವರ್ಷ ನಡೆಯಿತು. 1945ರಲ್ಲಿ ಇಬ್ಬರು ಅಮೆರಿಕನ್ ಸೇನಾಧಿಕಾರಿಗಳು ಒಂದು ಪತ್ರಿಕೆಯ ನಕ್ಷೆಯನ್ನು ಮುಂದಿಟ್ಟುಕೊಂಡು ಅರ್ಧ ಗಂಟೆಯಲ್ಲಿ ಆರಿಸಿದ ಗೆರೆ ಈ 38ನೆಯ ಅಕ್ಷಾಂಶ.

ಅದೇ ಅಕ್ಟೋಬರಿನಲ್ಲಿ ಇನ್ನೊಂದು ಕಡೆ ಪಣಿಕ್ಕರ್ ಲೆಕ್ಕ ತಪ್ಪಿತು. ಚೀನಾದ ಸೈನ್ಯ ಟಿಬೆಟ್ಟಿಗೆ ಕಾಲಿಟ್ಟಿತು. ನವೆಂಬರ್ 7ರಂದು ಸರ್ದಾರ್ ಪಟೇಲರು ನೆಹರೂಗೆ ಬರೆದ ದೀರ್ಘ ಪತ್ರದಲ್ಲಿ, ನಮ್ಮ ರಾಯಭಾರಿ ಚೀನಾದ ನಡತೆಗೆ ಸಮಜಾಯಿಷಿ ಹುಡುಕುವುದರಲ್ಲೇ ಕಷ್ಟಪಡುತ್ತಿದ್ದಾರೆ ಎಂಬ ಅಸಮಾಧಾನ ಸ್ಪಷ್ಟವಾಗಿದೆ. ಒಬ್ಬನೇ ಮನುಷ್ಯ, ಒಂದೇ ತಿಂಗಳು: ಕೊರಿಯಾದ ವಿಷಯದಲ್ಲಿ ಎಲ್ಲರಿಗಿಂತ ಸರಿ, ಟಿಬೆಟ್ಟಿನ ವಿಷಯದಲ್ಲಿ ಪಟೇಲರ ಕಣ್ಣಿಗೆ ಪೂರ್ತಿ ತಪ್ಪು. ಏಷ್ಯಾ ಎದ್ದು ನಿಲ್ಲುತ್ತಿದೆ ಎಂಬ ತನ್ನದೇ ಇತಿಹಾಸದ ಕತೆಯಲ್ಲಿ ಅವರಿಗೆ ನಂಬಿಕೆ ಹೆಚ್ಚಾಗಿತ್ತು ಎಂದು ನನಗನಿಸುತ್ತದೆ. ಕತೆಗೆ ಹೊಂದುವ ಸಂಗತಿ ಅವರಿಗೆ ಬೇಗ ಕಾಣುತ್ತಿತ್ತು. ಹೊಂದದ್ದು ತಡವಾಗಿ.

ಆಮೇಲೆ ಸ್ವಲ್ಪ ಕಾಲ ಈಜಿಪ್ಟಿನಲ್ಲಿದ್ದು, ಅಲ್ಲಿಂದ ನೇರ ಆಯೋಗದ ಕುರ್ಚಿಗೆ.

ಕಾಸರಗೋಡಿನ ಲೆಕ್ಕ ಏನಿತ್ತು? ತಾಲೂಕನ್ನು ಒಂದೇ ಘಟಕವಾಗಿ ಹಿಡಿದರೆ ಶೇ 70ಕ್ಕೂ ಹೆಚ್ಚು ಜನ ಮಲಯಾಳ ಮಾತಾಡುವವರು. ಇದು ಸುಳ್ಳಲ್ಲ. ಹೊಸದುರ್ಗ, ನೀಲೇಶ್ವರ, ಕಯ್ಯೂರು ಎಲ್ಲ ಆಗ ಆ ತಾಲೂಕಿನ ಒಳಗೇ ಇದ್ದವು, ಅಲ್ಲಿ ಮಲಯಾಳದ್ದೇ ಸಾಮ್ರಾಜ್ಯ. ಆದರೆ ತಾಲೂಕನ್ನು ಚಂದ್ರಗಿರಿ ಹೊಳೆ ಅಡ್ಡಕ್ಕೆ ಸೀಳುತ್ತದೆ. ಹೊಳೆಯ ಬಡಗಿನ ಕುಂಬಳೆ, ಮಂಜೇಶ್ವರ, ಬದಿಯಡ್ಕದ ಚಿತ್ರ ಬೇರೆ. ಅಲ್ಲಿ ಮನೆಮಾತು ತುಳುವೋ ಕೊಂಕಣಿಯೋ ಮರಾಠಿಯೋ ಹವ್ಯಕ ಕನ್ನಡವೋ ಬ್ಯಾರಿಯೋ, ಶಾಲೆ ಕನ್ನಡ, ದಸ್ತಾವೇಜು ಕನ್ನಡ, ಯಕ್ಷಗಾನ ಕನ್ನಡ. ಜನಗಣತಿ ಮನೆಮಾತು ಕೇಳಿತು. ಮನೆಯಲ್ಲಿ ತುಳು ಎಂದವನು ತುಳುವಿನ ಕಟ್ಟಿಗೆ ಹೋದ, ಕನ್ನಡದ ಕಟ್ಟು ಸಣ್ಣದಾಯಿತು. ಪಂಜೆಯವರಂಥವರನ್ನು ಆ ಲೆಕ್ಕ ಕನ್ನಡಿಗರೆಂದು ಹಿಡಿಯುತ್ತಿರಲಿಲ್ಲ! ತಾಲೂಕನ್ನು ಒಡೆಯದೆ, ಊರುಗಳನ್ನು ಎಣಿಸದೆ, ಇಡಿಯಾಗಿ ಕೊಟ್ಟದ್ದು ಕನ್ನಡಿಗರ ದೂರಿನ ತಿರುಳು. ಆ ದೂರು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಎಲ್ಲ ಪಣಿಕ್ಕರ್ ಕೈವಾಡವೇ? ಗಡಿನಾಡಿನಲ್ಲಿ ಹೀಗೆ ನಂಬುವುದು ಸುಲಭ. ವರದಿಗೆ ಸಹಿ ಮೂವರದು, ಕಾಸರಗೋಡಿನ ಬಗ್ಗೆ ಯಾರೂ ಭಿನ್ನಮತ ಬರೆಯಲಿಲ್ಲ. ಇನ್ನೊಂದು ಸಂಗತಿಯನ್ನು ನಾವು ಜಾಣತನದಿಂದ ಮರೆಯುತ್ತೇವೆ: ಇದೇ ಆಯೋಗ ತುಂಗಭದ್ರಾ ಯೋಜನೆಯ ಕಾರಣ ಕೊಟ್ಟು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಆಂಧ್ರಕ್ಕೆ ಕೊಡಬೇಕು ಎಂದಿತ್ತು. ಗಲಾಟೆಯಾಯಿತು, ಸಂಸತ್ತು ಒಪ್ಪಿದ ಕಾಯಿದೆಯಲ್ಲಿ ಬಳ್ಳಾರಿ ಮೈಸೂರಿನಲ್ಲೇ ಉಳಿಯಿತು. ವರದಿ ಕಲ್ಲಿನ ಮೇಲೆ ಬರೆದದ್ದಲ್ಲ, ಬದಲಿಸಬಹುದಿತ್ತು. ಬಳ್ಳಾರಿಗೆ ಸಿಕ್ಕಿದ ಒತ್ತಾಸೆ ದೆಹಲಿಯಲ್ಲಿ ಕಾಸರಗೋಡಿಗೆ ಸಿಗಲಿಲ್ಲ. ಅದಕ್ಕೆ ಪಣಿಕ್ಕರ್ ಹೊಣೆಯಲ್ಲ, ನಮ್ಮದೇ ನಾಯಕರು ಹೊಣೆ.

ಆದರೂ ಒಂದು ವಿಷಯದಲ್ಲಿ ಅವರನ್ನು ಬಿಟ್ಟುಕೊಡಲು ನನಗೆ ಮನಸ್ಸಾಗುವುದಿಲ್ಲ. ಅಧ್ಯಕ್ಷ ಫಜಲ್ ಅಲಿ ಬಿಹಾರದೊಂದಿಗೆ ತಮಗೆ ಹಳೆಯ ನಂಟಿದೆ ಎಂದು ಹೇಳಿ, ಬಿಹಾರ-ಬಂಗಾಳ ಮತ್ತು ಬಿಹಾರ-ಒರಿಸ್ಸಾ ಗಡಿ ತಕರಾರಿನ ತೀರ್ಮಾನದಿಂದ ದೂರ ಉಳಿದರು. ಅದನ್ನು ವರದಿಯಲ್ಲೇ ದಾಖಲಿಸಿದರು. ಅದೇ ಮೇಜಿನ ಸುತ್ತ ಕೂತಿದ್ದ ಪಣಿಕ್ಕರ್ ಕೇರಳದ ಗಡಿಯ ವಿಷಯ ಬಂದಾಗ ಎದ್ದು ಹೋಗಲಿಲ್ಲ. ಐಕ್ಯ ಕೇರಳದ ಕನಸನ್ನು ಕಾದಂಬರಿಯಾಗಿ ಬರೆದವರು, ಮರುವರ್ಷ ಕೇರಳ ಸಾಹಿತ್ಯ ಅಕಾಡೆಮಿಯ ಮೊದಲ ಅಧ್ಯಕ್ಷರಾಗಲಿದ್ದವರು ಕಾಸರಗೋಡಿನ ನ್ಯಾಯಾಧೀಶರಾಗಿ ಕೂರಬಾರದಿತ್ತು. ಒಬ್ಬರೇ ನಿಂತು ಬರೆಯುವ ಧೈರ್ಯ ಅವರಿಗೆ ಇರಲಿಲ್ಲವೆಂದಲ್ಲ. ಉತ್ತರ ಪ್ರದೇಶ ತೀರ ದೊಡ್ಡದು, ಅದನ್ನು ಒಡೆಯಬೇಕು ಎಂದು ಪ್ರತ್ಯೇಕ ಟಿಪ್ಪಣಿ ಬರೆದವರು ಇವರೇ. ಎಪ್ಪತ್ತು ವರ್ಷ ಕಳೆದರೂ ಆ ಟಿಪ್ಪಣಿಯ ವಾದ ದೆಹಲಿಯಲ್ಲಿ ಆಗಾಗ ತಲೆಯೆತ್ತುತ್ತದೆ.

ವಿಚಿತ್ರ ನೋಡಿ: ಆಯೋಗದ ವರದಿ ಬಂದ 1955ರಲ್ಲೇ ನಿರಂಜನರ 'ಚಿರಸ್ಮರಣೆ' ಬಂತು. ಸುಬ್ರಹ್ಮಣ್ಯದ ಹತ್ತಿರದ ಕುಳ್ಕುಂದದ ಹುಡುಗ, ನೀಲೇಶ್ವರದ ಹೈಸ್ಕೂಲಿನಲ್ಲಿ ಓದುವಾಗ ಕಂಡ ಕಯ್ಯೂರಿನ ರೈತರ ಹೋರಾಟವನ್ನು ಕನ್ನಡದಲ್ಲಿ ಬರೆದರು. 1943ರ ಮಾರ್ಚ್ 29ರಂದು ಗಲ್ಲಿಗೇರಿದ ನಾಲ್ವರೂ ಮಲಯಾಳ ಮಾತಾಡುವವರು. ಆ ಕಾದಂಬರಿ ಮಲಯಾಳಕ್ಕೆ ಹೋಗಿ ಕೇರಳದವರ ಸ್ವಂತ ಪುಸ್ತಕವೇ ಆಯಿತು. ಮಲಯಾಳದ ಕಾದಂಬರಿಕಾರ ಗಡಿ ಎಳೆಯುತ್ತಿದ್ದ ವರ್ಷ ಕನ್ನಡದ ಕಾದಂಬರಿಕಾರ ಆ ಗಡಿಯ ಆಚೆಗಿರುವವರನ್ನು ಕನ್ನಡಕ್ಕೆ ಕರೆತರುತ್ತಿದ್ದ. ಮರುವರ್ಷವೇ ನಿರಂಜನರ 'ಕಲ್ಯಾಣಸ್ವಾಮಿ'. ಕೊಡಗಿನ ಕಡೆಯಿಂದ ಸುಳ್ಯ, ಬಂಟ್ವಾಳದ ಮೇಲಾಗಿ ಮಂಗಳೂರಿಗೆ ನುಗ್ಗಿ, 1837ರ ಏಪ್ರಿಲಿನಲ್ಲಿ ಬಾವುಟ ಹಾರಿಸಿದ ರೈತ ಪಡೆಯ ಕತೆ. ಕಂಪನಿಯ ವಿರುದ್ಧ ಕಾಡಿನ ದಾರಿಯಲ್ಲಿ ಬಂದವರ ಕತೆ ಎಂಬ ಮಟ್ಟಿಗೆ 'ಕೇರಳ ಸಿಂಹಂ'ಗೂ ಇದಕ್ಕೂ ಹತ್ತಿರದ ನೆಂಟಸ್ತಿಕೆ. ಒಬ್ಬರದು ರಾಜನ ಕಡೆಗೆ ವಾಲುವ ಕಣ್ಣು, ಇನ್ನೊಬ್ಬರದು ರೈತನ ಕಡೆಗೆ. ಎರಡನ್ನೂ ಒಟ್ಟಿಗೆ ಇಟ್ಟು ಯಾರಾದರೂ ವಿದ್ಯಾರ್ಥಿ ಕೆಲಸ ಮಾಡಬಾರದೇ ಎಂದು ಅನಿಸುತ್ತದೆ.

1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಚುನಾವಣೆ ನಡೆದಾಗ ಮಂಜೇಶ್ವರದವರು ಎಂ. ಉಮೇಶ ರಾಯರನ್ನು ಅವಿರೋಧವಾಗಿ ಆರಿಸಿ ಕಳಿಸಿದರು. ಅವರು ಪಕ್ಷೇತರರು, ಕರ್ನಾಟಕಕ್ಕೆ ಸೇರಬೇಕು ಎನ್ನುವವರು. ಪ್ರತಿಭಟನೆ ಇದಕ್ಕಿಂತ ಶಾಂತವಾಗಿ, ಇದಕ್ಕಿಂತ ಸ್ಪಷ್ಟವಾಗಿ ಆಗುವುದು ಹೇಗೆ? ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಳ್ಳುವವರೆಗೂ ಆ ಬೇಡಿಕೆಯನ್ನು ಬಿಡಲಿಲ್ಲ. ಮೆಹರ್ ಚಂದ್ ಮಹಾಜನರ ಆಯೋಗ 1967ರಲ್ಲಿ ಚಂದ್ರಗಿರಿಯ ಬಡಗಿನ ಭಾಗ ಮೈಸೂರಿಗೆ ಸೇರಬೇಕು ಎಂದು ಬರೆಯಿತು, ಅಂದರೆ ಪಣಿಕ್ಕರ್ ಕೂತಿದ್ದ ಆಯೋಗದ ಮಾತನ್ನು ತಿದ್ದಿತು. ಕೇರಳ ಒಪ್ಪಲಿಲ್ಲ, ವರದಿ ಜಾರಿಯಾಗಲಿಲ್ಲ. ಅಷ್ಟರಲ್ಲಿ ಜನ ಗೆರೆಗೆ ಒಗ್ಗಿದ್ದರು. 2020ರ ಮಾರ್ಚಿನಲ್ಲಿ ಕೊರೊನಾ ಬಂದು, ಕರ್ನಾಟಕದ ಕಡೆಯಿಂದ ಗಡಿಯ ರಸ್ತೆಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದಾಗ ಅದು ಮತ್ತೆ ಕಣ್ಣಿಗೆ ಬಿತ್ತು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ಆಂಬುಲೆನ್ಸಿನೊಳಗೆ ಉಳಿದರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾಸರಗೋಡು ನಮ್ಮದು ಎಂದು ಭಾಷಣ ಮಾಡಿದ್ದ ಈಚೆಯ ಎಷ್ಟು ನಾಯಕರು ಆ ವಾರ ಬಾಯಿ ಬಿಟ್ಟರು?

ಪಣಿಕ್ಕರ್ ಕತೆ ಮೈಸೂರಿಗೆ ಬರುವುದು ಇನ್ನೂ ಬಾಕಿ ಇದೆ. 1956ರಲ್ಲಿ ಅವರು ಫ್ರಾನ್ಸಿಗೆ ರಾಯಭಾರಿಯಾಗಿ ಹೋದರು. ಅಲ್ಲಿ ಪಾರ್ಶ್ವವಾಯು ಬಡಿಯಿತು, 1959ರಲ್ಲಿ ಮರಳಿದರು. ರಾಜ್ಯಸಭೆಗೆ ನಾಮಕರಣವಾಯಿತು, ಜಮ್ಮು-ಕಾಶ್ಮೀರ ವಿಶ್ವವಿದ್ಯಾಲಯದ ಕುಲಪತಿಗಳಾದರು, 1963ರಲ್ಲಿ ಮೈಸೂರಿಗೆ ಬಂದರು. ಆಗ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ, ಏಕೀಕರಣದ ಮುಂಚೂಣಿಯಲ್ಲಿದ್ದವರು. ರಾಜ್ಯಪಾಲರು ಜಯಚಾಮರಾಜೇಂದ್ರ ಒಡೆಯರ್. ಜೀವಮಾನದ ನಡುಗಾಲವನ್ನೆಲ್ಲ ಮಹಾರಾಜರ ನಡುವೆ ಕಳೆದ ಮನುಷ್ಯನಿಗೆ ಕೊನೆಗೂ ಒಬ್ಬ ಮಹಾರಾಜರೇ ಮೇಲಿದ್ದರು. ಮಾನಸಗಂಗೋತ್ರಿಯನ್ನು ಕಟ್ಟಿದ ಕುವೆಂಪು ಆ ಕುರ್ಚಿಯಿಂದ ಇಳಿದು ಹೆಚ್ಚು ವರ್ಷ ಆಗಿರಲಿಲ್ಲ. ಒಬ್ಬ ಕಾದಂಬರಿಕಾರ ಕೂತಿದ್ದ ಕುರ್ಚಿಯಲ್ಲಿ ಇನ್ನೊಂದು ಭಾಷೆಯ ಕಾದಂಬರಿಕಾರ ಬಂದು ಕೂತ. ಕಾಸರಗೋಡಿನ ಗಾಯ ಹಸಿಯಾಗಿದ್ದಾಗ ಕನ್ನಡ ನಾಡು ಹಾಗೆ ಮಾಡಿತು ಎಂಬುದು ನನಗೆ ಹೆಮ್ಮೆಯ ವಿಷಯವೇ. ಇವತ್ತಾಗಿದ್ದರೆ ಆಗುತ್ತಿತ್ತೇ ಎಂದು ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು.

ಮೈಸೂರಿನಲ್ಲಿ ಅವರಿಗೆ ಸಿಕ್ಕಿದ್ದು ತಿಂಗಳುಗಳಷ್ಟೇ. 1963ರ ಡಿಸೆಂಬರ್ 10ರಂದು ತೀರಿಕೊಂಡರು, 68 ವರ್ಷ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಹೋಗಿದ್ದರು. ಪಣಿಕ್ಕರ್ ಹಾಗೆಯೇ ಹಲವು ಭಾಷೆ ಬಲ್ಲ ಇತಿಹಾಸ ಸಂಶೋಧಕರು, 1949ರಲ್ಲಿ ಮದರಾಸು ಸರ್ಕಾರ ರಾಷ್ಟ್ರಕವಿ ಎಂದು ಕರೆದ ಕನ್ನಡದ ಕವಿ. ಅವರು ಊರು ಬಿಡಲಿಲ್ಲ, ಅವರ ಊರು ಮಾತ್ರ ರಾಜ್ಯ ಬದಲಿಸಿತು. ಪಣಿಕ್ಕರ್ ಅವರ ಸೋದರಳಿಯ ಕಾವಾಲಂ ನಾರಾಯಣ ಪಣಿಕ್ಕರ್ ಮುಂದೆ ದೊಡ್ಡ ರಂಗನಿರ್ದೇಶಕರಾದರು. ಭಾರತದ ರಂಗಭೂಮಿಯನ್ನು ಅದರದೇ ಜಾನಪದದ ಕಡೆಗೆ ತಿರುಗಿಸಿದವರ ಹೆಸರು ಹೇಳುವಾಗ ಅವರ ಪಕ್ಕದಲ್ಲಿ ಬರುವುದು ಬಂಟ್ವಾಳದ ಮಂಚಿಯ ಬಿ.ವಿ. ಕಾರಂತರ ಹೆಸರು.

ಪಣಿಕ್ಕರ್ ತೆರವು ಮಾಡಿದ ಜಾಗಕ್ಕೆ 1964ರಲ್ಲಿ ಕೆ.ಎಲ್. ಶ್ರೀಮಾಲಿ ಬಂದರು. ದಕ್ಷಿಣ ಕನ್ನಡದ ಕಾಲೇಜುಗಳಿಗೆಲ್ಲ ಆಗ ಮೈಸೂರೇ ವಿಶ್ವವಿದ್ಯಾಲಯ. ಎಂ.ಎ. ಓದಲು ಘಟ್ಟ ಹತ್ತುವುದು ತಪ್ಪಲಿ ಎಂದು 1968ರಲ್ಲಿ ಕೊಣಾಜೆಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆದರು. 1980ರಲ್ಲಿ ಅದೇ ಮಂಗಳೂರು ವಿಶ್ವವಿದ್ಯಾಲಯವಾಯಿತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹುಡುಗರ ಜೊತೆ ಮಂಜೇಶ್ವರ, ಕುಂಬಳೆ ಕಡೆಯವರೂ ತಲಪಾಡಿ ದಾಟಿ ಅಲ್ಲಿಗೆ ಬರುತ್ತಾರೆ, ಕನ್ನಡ ಎಂ.ಎ. ಓದಲಿಕ್ಕೂ.